ಪೀಟ್‌ನ ಮುಖಕ್ಕೆ ಎರಡು ಗೆರೆ ಮಸಿ ಸಾಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಸಿಂಟರ್‌ಕ್ಲಾಸ್ ಹಬ್ಬದ ಕುರಿತ ಲೇಖನ ಓದಿದೆ. ಹೊರಗಿನಿಂದ ಬಂದವರ ಗಲಾಟೆಗೆ ಮಣಿದು ಡಚ್ಚರು ತಮ್ಮ ‘ಜ್ವಾರ್ಟೆ ಪೀಟ್’ನನ್ನು, ಅಂದರೆ ಕರಿ ಪೀಟ್‌ನನ್ನು, ಬಿಟ್ಟುಕೊಟ್ಟರು, ಮಕ್ಕಳ ಹಬ್ಬ ಕಳೆಗುಂದಿತು ಎಂದು ಲೇಖಕರು ಮರುಗಿದ್ದಾರೆ. ಹದಿಮೂರು ವರ್ಷದಿಂದ ಐಂಡ್‌ಹೋವನ್‌ನಲ್ಲಿದ್ದು, ಮಗಳನ್ನು ಇಲ್ಲಿನ ಡಚ್ ಶಾಲೆಗೇ ಕಳಿಸಿ ಬೆಳೆಸಿದ ನನಗೆ ಇದನ್ನು ಓದಿ ಸುಮ್ಮನಿರಲಾಗಲಿಲ್ಲ.

ಹಬ್ಬ ಚಂದದ್ದೇ. ನವೆಂಬರ್ ಮಧ್ಯದಲ್ಲಿ ಬಿಳಿಗಡ್ಡದ ಬಿಷಪ್ ಸಿಂಟರ್‌ಕ್ಲಾಸ್ ಸ್ಪೇನ್‌ನಿಂದ ಸ್ಟೀಮ್‌ಬೋಟ್‌ನಲ್ಲಿ ಬಂದಿಳಿಯುತ್ತಾನೆ. ಮಕ್ಕಳು ರಾತ್ರಿ ಶೂ ಇಟ್ಟು, ಅದರೊಳಗೆ ಅವನ ಬಿಳಿ ಕುದುರೆಗೆಂದು ಕ್ಯಾರೆಟ್ ಇಡುತ್ತಾರೆ. ಡಿಸೆಂಬರ್ 5ರ ಸಂಜೆ ಉಡುಗೊರೆ. ಅವನ ಹಿಂದೆ ಅವನ ಸೇವಕರಾದ ಪೀಟ್‌ಗಳ ದಂಡು, ಮೂಟೆ ಹೊತ್ತು, ಪುಟ್ಟ ಪುಟ್ಟ ಮಸಾಲೆ ಬಿಸ್ಕತ್ತು ಎರಚುತ್ತ ಬರುತ್ತದೆ. ನಾವು ಬಂದ ಕಾಲದಲ್ಲಿ ಈ ಪೀಟ್‌ಗಳೆಂದರೆ ಮುಖದ ತುಂಬ ಕಪ್ಪು ಬಳಿದುಕೊಂಡ ಬಿಳಿಯರು. ತುಟಿಗೆ ದಪ್ಪ ಕೆಂಪು, ತಲೆಗೆ ಗುಂಗುರು ಕೂದಲಿನ ವಿಗ್, ಕಿವಿಗೆ ಬಂಗಾರದ ಬಣ್ಣದ ರಿಂಗ್.

2013ರಲ್ಲಿ ಮಗಳಿಗೆ ಐದು ವರ್ಷ. ಶಾಲೆಯಲ್ಲಿ ಎಲ್ಲರಿಗೂ ಪೀಟ್ ಟೋಪಿ ಹಾಕಿ, ಕೆನ್ನೆಗೆ ಬಣ್ಣ ಹಚ್ಚುತ್ತಿದ್ದರಂತೆ. ಇವಳ ಸರದಿ ಬಂದಾಗ ಪಕ್ಕದ ಹುಡುಗ, ‘ಇವಳಿಗೆ ಬಣ್ಣ ಬೇಡ, ಇವಳು ಹಾಗೇ ಪೀಟ್’ ಅಂದ. ಐದು ವರ್ಷದ ಕೂಸು, ಅವನದು ತಪ್ಪಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳಿದ. ಅವತ್ತು ರಾತ್ರಿ ಶೂಗೆ ಕ್ಯಾರೆಟ್ ಇಡುತ್ತ ಮಗಳು ಕೇಳಿದಳು: ‘ಅಮ್ಮಾ, ಪೀಟ್ ಯಾಕೆ ಯಾವತ್ತೂ ಕುದುರೆ ಹತ್ತಲ್ಲ?’

ಆ ಹುಡುಗ ಹೇಳಿದ ಮಾತನ್ನು ನಾನು ಶಿರಸಿಯಲ್ಲೇ ಕೇಳಿದ್ದೆ. ಶಾಲೆಯ ಗ್ಯಾದರಿಂಗ್‌ಗೆ ಕೃಷ್ಣನ ನಾಟಕ. ಕೃಷ್ಣ ಆಗಲು ಬೆಳ್ಳಗಿದ್ದ ಹುಡುಗಿಯನ್ನು ಆರಿಸಿ, ಮತ್ತಷ್ಟು ಪೌಡರ್ ಮೆತ್ತಿ ಕೂರಿಸಿದ್ದರು. ನನಗೆ ಪೂತನಿಯ ಪಾತ್ರ. ‘ಇವಳಿಗೆ ಬಣ್ಣ ಬೇಡ, ಹಾಗೇ ಸೈ’ ಎಂದರು ಮಾಸ್ತರರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೃಷ್ಣ ಎಂದರೇ ಕಪ್ಪು ಎಂದು ಆ ವಯಸ್ಸಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಹಬ್ಬದ ವೇಷದಲ್ಲಿ ಯಾರಿಗೆ ಯಾವ ಮುಖ ಎಂಬುದು ಚಿಕ್ಕ ವಿಷಯ ಎಂದು ಯಾರಾದರೂ ಅಂದರೆ ನನಗೆ ಒಪ್ಪಲಾಗದಿರುವುದು ಇದಕ್ಕೇ.

ಪರಂಪರೆಯ ಮಾತು ಬಂತು. ಪೀಟ್‌ನ ಪರಂಪರೆ ಎಷ್ಟು ಹಳೆಯದು? ಸಿಂಟರ್‌ಕ್ಲಾಸ್‌ಗೆ ಕರಿಯ ಸೇವಕನನ್ನು ಜೊತೆ ಮಾಡಿದ್ದು ಯಾನ್ ಸ್ಕೆಂಕ್‌ಮನ್ ಎಂಬ ಆಮ್‌ಸ್ಟರ್‌ಡ್ಯಾಮಿನ ಶಾಲಾ ಮಾಸ್ತರರು 1850ರಲ್ಲಿ ತಂದ ಮಕ್ಕಳ ಪುಸ್ತಕ. ಸ್ಟೀಮ್‌ಬೋಟ್ ಬಂದದ್ದೂ ಅದೇ ಪುಸ್ತಕದಿಂದ. ಆ ಕಾಲಕ್ಕೆ ಅದು ಹೊಚ್ಚಹೊಸ ಯಂತ್ರ. ಬಿಷಪ್ಪನನ್ನು ಹಬೆಯ ಹಡಗಿಗೆ ಹತ್ತಿಸಬಹುದಾದರೆ ಪೀಟ್‌ನ ಮುಖ ತೊಳೆಯಲು ಏನಡ್ಡಿ? ಆ ಪುಸ್ತಕ ಬಂದಾಗ ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮ್‌ನಲ್ಲಿ ಗುಲಾಮಗಿರಿ ಇನ್ನೂ ಇತ್ತು. ರದ್ದಾದದ್ದು 1863ರ ಜುಲೈ 1ರಂದು. ಆಗಲೂ ಪರಿಹಾರ ಸಿಕ್ಕಿದ್ದು ಒಡೆಯರಿಗೆ, ಪ್ರತಿ ಗುಲಾಮನ ತಲೆಗೆ 300 ಗಿಲ್ಡರ್, ಅಂದರೆ ಆಗಿನ ಡಚ್ ಹಣ. ದುಡಿದವರು ಮತ್ತೆ ಹತ್ತು ವರ್ಷ ಸರ್ಕಾರದ ಕಣ್ಗಾವಲಿನಲ್ಲಿ ತೋಟಗಳಲ್ಲೇ ದುಡಿಯಬೇಕಾಯಿತು. ಅದು ಮುಗಿಯುವ ಹೊತ್ತಿಗೆ, 1873ರಲ್ಲಿ, ಕಲ್ಕತ್ತದಿಂದ ‘ಲಲ್ಲಾ ರೂಖ್’ ಹಡಗು ನಮ್ಮ ದೇಶದ ಕೂಲಿಗಳನ್ನು ಅಲ್ಲಿಗೆ ಇಳಿಸಿತು. ಅವರ ವಂಶದ ಒಬ್ಬ ಅಜ್ಜಿ ನಮ್ಮ ಪಕ್ಕದ ಮನೆಯಲ್ಲಿದ್ದಾರೆ. ನವೆಂಬರ್ ಬಂತೆಂದರೆ ತಮ್ಮ ಮಕ್ಕಳನ್ನು ಬೀದಿಯಲ್ಲಿ ‘ಪೀಟ್, ಪೀಟ್’ ಎಂದು ಕೂಗುತ್ತಿದ್ದುದನ್ನು ಅವರು ಇನ್ನೂ ಮರೆತಿಲ್ಲ.

‘ಹೊರಗಿನವರ ಗಲಾಟೆ’ ಎಂಬುದೂ ಸರಿಯಲ್ಲ. 2011ರಲ್ಲಿ ಡೋರ್ಡ್ರೆಕ್ಟ್‌ನಲ್ಲಿ ‘ಕರಿ ಪೀಟ್ ಎಂದರೆ ವರ್ಣಭೇದ’ ಎಂದು ಬರೆದ ಟಿ-ಶರ್ಟ್ ತೊಟ್ಟು ನಿಂತು ಬಂಧನಕ್ಕೊಳಗಾದವರಲ್ಲಿ ಕ್ವಿನ್ಸಿ ಗಾರಿಯೊ ಒಬ್ಬರು. ಅವರು ಹುಟ್ಟಿದ್ದು ಕ್ಯುರಸಾವ್‌ನಲ್ಲಿ, ಇವತ್ತಿಗೂ ಡಚ್ ದೊರೆತನಕ್ಕೆ ಸೇರಿದ ದ್ವೀಪದಲ್ಲಿ. ತಮ್ಮದೇ ದೇಶದ ಹಬ್ಬದ ಬಗ್ಗೆ ಅವರು ಮಾತಾಡಿದ್ದು. ಜನ ಸುಲಭಕ್ಕೆ ಒಪ್ಪಲಿಲ್ಲ. 2013ರಲ್ಲಿ ಪೀಟ್‌ನ ಪರವಾದ ಫೇಸ್‌ಬುಕ್ ಪುಟಕ್ಕೆ 20 ಲಕ್ಷಕ್ಕೂ ಹೆಚ್ಚು ಲೈಕ್ ಬಿದ್ದವು, 2017ರಲ್ಲಿ ಸಿಂಟರ್‌ಕ್ಲಾಸ್ ಬಂದಿಳಿಯುವ ದಿನ ಡೊಕ್ಕಮ್ ಊರಿಗೆ ಹೊರಟಿದ್ದ ಪ್ರತಿಭಟನಾಕಾರರ ಬಸ್ಸುಗಳನ್ನು ಪೀಟ್‌ನ ಬೆಂಬಲಿಗರು ಹೆದ್ದಾರಿಯಲ್ಲೇ ತಡೆದರು. ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಕೂಡ ಮೊದಲು ಪೀಟ್‌ನ ಪರವೇ ಇದ್ದವರು. ಕಪ್ಪು ಮಕ್ಕಳ ನೋವನ್ನು ಕೇಳಿದ ಮೇಲೆ ತಮ್ಮ ಮನಸ್ಸು ಬದಲಾಯಿತೆಂದು 2020ರ ಜೂನ್‌ನಲ್ಲಿ ಸಂಸತ್ತಿನಲ್ಲಿ ಹೇಳಿದರು. ಹಾಗೆ ಹೇಳಲು ಧೈರ್ಯ ಬೇಕು, ನಾನು ಅದನ್ನು ಗೌರವಿಸುತ್ತೇನೆ.

ಪೀಟ್ ಕಪ್ಪಗಿರುವುದು ಚಿಮಣಿಯೊಳಗೆ ಇಳಿಯುವುದರಿಂದ ಎಂದು ಎಲ್ಲರೂ ಮಕ್ಕಳಿಗೆ ಹೇಳುತ್ತಿದ್ದರು. ಚಿಮಣಿಯ ಮಸಿ ಹತ್ತಿದರೆ ತುಟಿ ಕೆಂಪಾಗುತ್ತದೆಯೇ, ಕೂದಲು ಗುಂಗುರಾಗುತ್ತದೆಯೇ? 2019ರಲ್ಲಿ ಅಪೆಲ್‌ಡೋರ್ನ್‌ನಿಂದ ಟಿವಿಯಲ್ಲಿ ಪ್ರಸಾರವಾದ ಆಗಮನದಲ್ಲಿ ಪೀಟ್‌ಗಳ ಕೆನ್ನೆ, ಮೂಗಿನ ಮೇಲೆ ನಿಜವಾಗಿಯೂ ಮಸಿಯ ಗೆರೆಗಳಷ್ಟೇ ಇದ್ದವು. ನಮ್ಮ ಬೀದಿಯ ಮಕ್ಕಳಂತೂ ಅದನ್ನು ಗಮನಿಸಿದ ಹಾಗೇ ಕಾಣಲಿಲ್ಲ. ಬಿಸ್ಕತ್ತಿಗೆ ಅದೇ ನೂಕುನುಗ್ಗಲು, ಅದೇ ಹಾಡು, ಹೆಗಲ ಮೇಲೆ ಕೂತ ಪುಟ್ಟವರ ಅದೇ ಕಿರುಚಾಟ. ಕಳೆಗುಂದಿದ್ದು ಎಲ್ಲಿ ಎಂದು ಲೇಖಕರೇ ಬಂದು ತೋರಿಸಲಿ.

ಈ ಸಲ ನಮ್ಮ ಬಡಾವಣೆಯ ಮೆರವಣಿಗೆಗೆ ಮಗಳೂ ಪೀಟ್ ಆಗಿ ಹೋಗಿದ್ದಳು. ಹದಿನೇಳರ ಹುಡುಗಿ, ನೇರಳೆ ಬಣ್ಣದ ಟೋಪಿ, ಗರಿ. ಹೊರಡುವ ಮುಂಚೆ ಕನ್ನಡಿ ಮುಂದೆ ನಿಂತು, ತನ್ನ ಗೆಳತಿಗೆ ಹಚ್ಚಿದ ಕಡ್ಡಿಯಿಂದಲೇ ತನ್ನ ಮೂಗಿಗೂ ಮಸಿ ಎಳೆದುಕೊಂಡಳು. ಅವಳಿಗೂ ಬಣ್ಣ ಬೇಕಾಯಿತು, ಉಳಿದವರಿಗೆ ಬೇಕಾದಷ್ಟೇ.

ಕೊನೆಗೊಂದು ವಿನಂತಿ. ಲೇಖನದ ಜೊತೆ ನೀವು ಅಚ್ಚು ಹಾಕಿದ್ದು ಕಪ್ಪು ಬಳಿದ, ಕೆಂಪು ತುಟಿಯ ಹಳೆಯ ಪೀಟ್‌ನ ಫೋಟೊ. ಅದನ್ನು ನೋಡಿದವರು ಹಬ್ಬ ಈಗಲೂ ಹಾಗೇ ಇದೆ ಎಂದುಕೊಳ್ಳುತ್ತಾರೆ. ಮುಂದಿನ ಸಲ ಈ ವಿಷಯ ಬಂದಾಗ ದಯವಿಟ್ಟು ಈಗಿನ ಮೆರವಣಿಗೆಯ ಫೋಟೊ ಹಾಕಿ.

ಇಂತಿ,
ಶಿರಸಿ ಮೂಲದ ಓದುಗರೊಬ್ಬರು
ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್