ಹಾಸಿಗೆ ಕೆಳಗಿದ್ದ ಉತ್ತರ ಪತ್ರಿಕೆ

ಪುಟ್ಟಿ,

ನಿನ್ನ ಗಣಿತದ ಉತ್ತರ ಪತ್ರಿಕೆ ಸಿಕ್ಕಿತು. ನಾನೇನೂ ಹುಡುಕಿರಲಿಲ್ಲ ಕಣೇ, ಹೊದಿಕೆ ಬದಲಿಸುವಾಗ ಹಾಸಿಗೆ ಕೆಳಗಿಂದ ಜಾರಿ ಬಿತ್ತು. 100ಕ್ಕೆ 41. ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಅಂಕಕ್ಕಿಂತ ಜಾಸ್ತಿ ನೀನು ಮುಚ್ಚಿಟ್ಟಿದ್ದಕ್ಕೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಯೋಚಿಸಿದೆ. ಮುಚ್ಚಿಡಬೇಕು ಅಂತ ನಿನಗೆ ಅನ್ನಿಸಿದ್ದಾದರೂ ಯಾಕೆ? ಎದುರಿಗೆ ಕೇಳಿದರೆ ನಾನು ಭಾಷಣ ಶುರು ಮಾಡುತ್ತೇನೆ, ನೀನು ರೂಮಿನ ಬಾಗಿಲು ಹಾಕಿಕೊಳ್ಳುತ್ತೀಯ. ಅದಕ್ಕೇ ಈ ಪತ್ರ.

ತಪ್ಪು ನನ್ನಿಂದಲೇ ಶುರುವಾಗಿದೆ ಅಂತ ಈಗ ಅನ್ನಿಸುತ್ತಿದೆ. ನೀನು ಎರಡಂಕಿ ಕೂಡಲು ಕಲಿತಾಗಿನಿಂದ ಮನೆಗೆ ಬಂದವರಿಗೆಲ್ಲ 'ನಮ್ಮ ಹುಡುಗಿ ತುಂಬಾ ಜಾಣೆ, ಓದದಿದ್ದರೂ ಅಂಕ ತೆಗೀತಾಳೆ' ಅಂತ ಹೇಳಿಕೊಂಡು ಬಂದವಳು ನಾನು. ಹೊಗಳಿಕೆ ಅಲ್ವಾ, ಏನು ಕೆಡುಕು ಅಂದುಕೊಂಡಿದ್ದೆ.

ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1998ರಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಐದನೇ ತರಗತಿ ಮಕ್ಕಳಿಗೆ ಒಗಟಿನಂಥ ಪ್ರಶ್ನೆ ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ 'ನೀನು ಜಾಣ' ಅಂದರು, ಕೆಲವರಿಗೆ 'ಚೆನ್ನಾಗಿ ಶ್ರಮ ಹಾಕಿದ್ದೀಯ' ಅಂದರು. ಆಮೇಲೆ ಬೇಕಂತಲೇ ಕಷ್ಟದ್ದು ಕೊಟ್ಟು ಸೋಲಿಸಿ, ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟರು. ಜಾಣ ಅನ್ನಿಸಿಕೊಂಡವರು ಮೊದಲಿಗಿಂತ ಕೆಟ್ಟದಾಗಿ ಮಾಡಿದರು, ಶ್ರಮಕ್ಕೆ ಹೊಗಳಿಸಿಕೊಂಡವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ನನ್ನ ಎದೆಗೆ ನಾಟಿದ್ದು ಬೇರೆ ಸಂಗತಿ. ಎಷ್ಟು ಸರಿಯಾಯಿತು ಅಂತ ಬೇರೆ ಶಾಲೆಯ ಮಗುವಿಗೆ ಬರೆದು ತಿಳಿಸಿ ಅಂದಾಗ, ಜಾಣ ಅನ್ನಿಸಿಕೊಂಡವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಸುಳ್ಳು ಅಂಕ ಬರೆದರು. ಪಾಪದ ಮಕ್ಕಳು. ಅದನ್ನು ಓದಿದಾಗ ನಿನ್ನ ಹಾಸಿಗೆಯೇ ಕಣ್ಣ ಮುಂದೆ ಬಂತು.

ಬುದ್ಧಿ ಹುಟ್ಟಿನಿಂದ ಬಂದಷ್ಟೇ ಅಲ್ಲ, ಬೆಳೆಸಿಕೊಳ್ಳಬಹುದು ಅನ್ನುವ ನಂಬಿಕೆಗೆ ಡ್ವೆಕ್ ಗ್ರೋತ್ ಮೈಂಡ್‌ಸೆಟ್ ಅಂತ ಹೆಸರಿಟ್ಟರು. ಈಗ ಆ ಪದವನ್ನು ಎಲ್ಲರೂ ಮಂತ್ರದ ಹಾಗೆ ಹೇಳುತ್ತಾರೆ, ಅದು ನನಗೆ ಅಷ್ಟು ಹಿಡಿಸುವುದಿಲ್ಲ. 2019ರಲ್ಲಿ ಅಮೆರಿಕದಲ್ಲೇ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳಿಗೆ ಒಂದು ಗಂಟೆಗಿಂತ ಕಡಿಮೆ ಹೊತ್ತು ಈ ಪಾಠ ಹೇಳಿ ನೋಡಿದರು. ಕಡಿಮೆ ಅಂಕ ತೆಗೆಯುತ್ತಿದ್ದವರ ಸರಾಸರಿ ಗ್ರೇಡ್, ಸುಮಾರು ನಾಲ್ಕು ಅಂಕದ ಅಳತೆಯಲ್ಲಿ, ಬರೀ 0.1ರಷ್ಟು ಏರಿತು. ಗುಣ ಇದೆ, ಆದರೆ ನಂಬಿಕೊಂಡು ಸುಮ್ನೆ ಕೂತರೆ ಲೆಕ್ಕ ತಾನಾಗಿ ಬರುವುದಿಲ್ಲ.

ಹಾಗಾಗಿ ನಿನ್ನ ಪೇಪರನ್ನೇ ಒಂದೊಂದು ಸಾಲೂ ಬಿಡದೆ ಓದಿದೆ. ಬೇಜಾರಾಗಬೇಡ. ಎರಡನೇ ಪುಟದಲ್ಲಿ ಬ್ರಾಕೆಟ್ ಬಿಡಿಸುವಾಗ ಮೈನಸ್ 3 ಇಂಟು ಮೈನಸ್ 4, ಪ್ಲಸ್ 12 ಆಗಬೇಕಿತ್ತು, ನೀನು ಮೈನಸ್ 12 ಬರೆದಿದ್ದೀಯ. ಅಲ್ಲಿಂದ ಕೆಳಗೆ ಎಲ್ಲವೂ ಸರಿಯಾದ ದಾರಿ, ಉತ್ತರ ಮಾತ್ರ ತಪ್ಪು. ಇದೇ ತಪ್ಪು ಇನ್ನೂ ಮೂರು ಕಡೆ ಇದೆ. ಹೋದ 59 ಅಂಕದಲ್ಲಿ 14 ಇದೊಂದಕ್ಕೇ ಹೋಗಿವೆ. ಟೈಮ್ ಸಾಲದೆ ಖಾಲಿ ಬಿಟ್ಟಿದ್ದು 18. ಉಳಿದ 27 ಸಮರೂಪ ತ್ರಿಭುಜಗಳದ್ದು, ಅದು ನಿನಗೆ ನಿಜವಾಗಿಯೂ ಅರ್ಥವಾಗಿಲ್ಲ. 'ನನಗೆ ಗಣಿತ ಬರಲ್ಲ' ಅಂತ ಮೊನ್ನೆ ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದೆಯಲ್ಲ, ಈ ಪೇಪರ್ ಹಾಗೆ ಹೇಳುತ್ತಿಲ್ಲ.

ಇನ್ನೊಂದು ವಿಷಯ. ನೀನು ಬಿಡಿಸಿಟ್ಟ ಲೆಕ್ಕಗಳನ್ನೇ ಮತ್ತೆ ಮತ್ತೆ ಓದುತ್ತೀಯ. ನೋಡುತ್ತಾ ಇದ್ದರೆ ಎಲ್ಲ ಬರುತ್ತದೆ ಅನ್ನಿಸುತ್ತದೆ. ಪುಸ್ತಕ ಮುಚ್ಚಿ ಒಂದು ಬಿಡಿಸಿ ನೋಡು, ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಓದು ಶುರು.

ನನ್ನದೂ ಒಂದು ಹೇಳಿಬಿಡುತ್ತೇನೆ, ನಗಬೇಡ. ನಿನ್ನ ಅಮ್ಮ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲ್. ಆಮೇಲೆ ಆರು ವರ್ಷ ಸ್ಟೀರಿಂಗ್ ಮುಟ್ಟಲಿಲ್ಲ, 'ಕಾರು ನಮ್ಮಂಥವರಿಗಲ್ಲ' ಅಂತ ದೊಡ್ಡದಾಗಿ ಹೇಳಿಕೊಂಡು ತಿರುಗಿದೆ. ಕೊನೆಗೆ ಕಲಿಸುವವರು ಪಕ್ಕದಲ್ಲಿ ಕೂತು ನೋಡಿ ಹೇಳಿದ್ದು ಒಂದೇ ಮಾತು: ರಿವರ್ಸ್ ಹಾಕಿದಾಗ ತುಂಬಾ ಬೇಗ ತಿರುಗಿಸ್ತೀರಿ. ಅಷ್ಟೇ! ಖಾಲಿ ಮೈದಾನದಲ್ಲಿ ಎರಡು ಕಲ್ಲಿಟ್ಟುಕೊಂಡು ನಾಲ್ಕು ದಿನ ಬರೀ ಹಿಂದಕ್ಕೇ ಓಡಿಸಿದೆ. ಆ ಆರು ವರ್ಷ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಮೇಲೆ ನಿನ್ನನ್ನು ಜಾಣೆ ಅಂತ ಕರೆಯುವುದು ಬಿಡುತ್ತೇನೆ. ಬಾಯಿ ತಪ್ಪಿ ಬಂದರೆ ತಡೆ. ಅಂಕ ಎಷ್ಟೇ ಬರಲಿ, ಪೇಪರ್ ಮಾತ್ರ ಮೇಜಿನ ಮೇಲೆ ಇರಲಿ. ನಾನು ಬೈದರೆ ಈ ಪತ್ರ ತಂದು ತೋರಿಸು.

ಶನಿವಾರ ಬೆಳಿಗ್ಗೆ ಸಮರೂಪ ತ್ರಿಭುಜ ಹಿಡಿದುಕೊಂಡು ಕೂರೋಣ. ಏಳನೇ ಪ್ರಶ್ನೆಯನ್ನು ನಿನ್ನೆ ರಾತ್ರಿ ನಾನೂ ಬಿಡಿಸಲು ಹೋದೆ, ಮೂರು ಹಾಳೆ ಹಾಳಾಯಿತು, ಉತ್ತರ ಬರಲಿಲ್ಲ. ಆ ಹಾಳೆಗಳನ್ನು ನಿನ್ನ ಪೇಪರಿನ ಒಳಗೇ ಇಟ್ಟಿದ್ದೇನೆ, ನೋಡು.

ನಿನ್ನ
ಅಮ್ಮ