ಪುಟ ತಿರುವಿ ತೋರಿಸಿದವರಿಗೆ

ಯಾವ ಫೋಟೋಗ್ರಫಿ ಪುಸ್ತಕ ಕೊಳ್ಳಲಿ ಎಂದು ಗ್ರಂಥಾಲಯದಲ್ಲಿ ಕೇಳಿದವನಿಗೆ, ಹೆಸರನ್ನೂ ಹೇಳದೆ ಅಷ್ಟು ಹೊತ್ತು ಕೊಟ್ಟ ಹಿರಿಯರೇ, ನಿಮಗೆ ನನ್ನ ನಮಸ್ಕಾರ.

ನೀವು ಮೊದಲು ಕೈಗೆತ್ತಿಕೊಂಡದ್ದು ರಾಬರ್ಟ್ ಫ್ರಾಂಕ್ ಅವರ 'ದಿ ಅಮೆರಿಕನ್ಸ್'. 1958ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಪ್ರಕಟವಾದ ಅದರಲ್ಲಿರುವುದು 83 ಚಿತ್ರಗಳು ಮಾತ್ರ. ನ್ಯೂ ಆರ್ಲಿಯನ್ಸ್‌ನ ಟ್ರಾಮ್ ಬಂಡಿಯ ಚಿತ್ರದ ಮೇಲೆ ಬೆರಳಿಟ್ಟು ಒಂದೊಂದೇ ಕಿಟಕಿ ನೋಡಿಸಿದಿರಿ: ಮುಂದೆ ಬಿಳಿಯರು, ನಡುವೆ ಮಕ್ಕಳು, ಹಿಂದೆ ಕಪ್ಪುವರ್ಣೀಯರು. ಕಿಟಕಿಯ ಚೌಕಟ್ಟುಗಳೇ ವರ್ಣಭೇದದ ಗೋಡೆಗಳಾಗಿರುವುದು ನಿಮ್ಮ ಬೆರಳು ಸರಿದಂತೆ ಕಂಡಿತು. ಈಗ ಆ ಪುಸ್ತಕ ನನ್ನ ಮೇಜು ಬಿಟ್ಟು ಕದಲುವುದಿಲ್ಲ.

ಆನ್ಸೆಲ್ ಆಡಮ್ಸ್ ಅವರ 'ದಿ ನೆಗೆಟಿವ್' ಓದಲು ತುಸು ಒಣ, ನಿಜ. ಆದರೆ ಬೆಳಕಿನ ಮೀಟರ್ ಬಿಳಿ ಗೋಡೆಯನ್ನೂ ಕಪ್ಪು ಕೋಟನ್ನೂ ಒಂದೇ ನಡುಬೂದು ಮಾಡಲು ಹೊರಡುತ್ತದೆ ಎಂಬುದು ಅದರಿಂದಲೇ ತಲೆಗೆ ಹೋಯಿತು. ಡಿಜಿಟಲ್ ಕ್ಯಾಮೆರಾಕ್ಕೂ ಅದೇ ಲೆಕ್ಕ. ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸ್ಸೋನ್ ಅವರ 1952ರ ಸಂಪುಟ 'ದಿ ಡಿಸೈಸಿವ್ ಮೊಮೆಂಟ್' ಎತ್ತಲು ಭಾರ. (ಚಿತ್ರಕಲಾವಿದ ಮ್ಯಾಟಿಸ್ ಮಾಡಿದ ಮುಖಪುಟ ನೋಡಿದರೆ ಆ ಭಾರ ಮರೆತುಹೋಗುತ್ತದೆ.)

ಯಾವ ಕ್ಯಾಮೆರಾ ಕೊಳ್ಳಬೇಕೆಂದು ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ನೀವು ನನ್ನನ್ನು ನೋಡಲು ಕೂರಿಸಿದಿರಿ. ಎಲ್ಲಿದ್ದರೂ ಸುಖವಾಗಿರಿ. ಮತ್ತೆ ಸಿಕ್ಕರೆ ನಾಲ್ಕನೆಯ ಪುಸ್ತಕ ಯಾವುದೆಂದು ಕೇಳುವುದಿದೆ.