ರಂಗದ ಹಾಡು ನಟರ ಕಂಠದಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಹಾಡೇ ಪ್ರಧಾನವಾದ ನಾಟಕಗಳನ್ನು ಸಿನಿಮಾ ಮಾಡಬೇಕೆಂಬ ಮಾತು ನಮ್ಮ ಭಾಗದ ರಂಗಾಸಕ್ತರ ನಡುವೆ ಆಗಾಗ ಬರುತ್ತದೆ. ಆಗೆಲ್ಲ ನನಗೆ ಮೊದಲು ನೆನಪಾಗುವುದು ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’. ಬಿ.ವಿ. ಕಾರಂತರ ನಿರ್ದೇಶನದಲ್ಲಿ ಹೆಗ್ಗೋಡಿನ ನೀನಾಸಂ ಕಲಾವಿದರು ಅದನ್ನು ಆಡಿದ್ದನ್ನು ಕಂಡವರಿಗೆ ಆ ಹಾಡುಗಳ ಮೇಲೆ ಇಂದಿಗೂ ಮೋಹವಿದೆ. ಅಂಥ ಕೃತಿ ತೆರೆಗೆ ಬರುವುದಾದರೆ ಸಂತೋಷವೇ. ಆದರೆ ಹಾಡನ್ನು ನಟರ ಕಂಠದಿಂದ ಬಿಡಿಸಿ ಹಿನ್ನೆಲೆ ಗಾಯಕರಿಗೆ ಒಪ್ಪಿಸಬಾರದೆಂಬುದು ನನ್ನ ಕಳಕಳಿಯ ವಿನಂತಿ.

ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ದಲ್ಲಿ (1934) ಅಭಿನಯಿಸಿದ ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಕಂಪನಿ ನಾಟಕಗಳಿಂದ ಬಂದವರು. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಬಾರದಿದ್ದ ಆ ಕಾಲದಲ್ಲಿ ನಟರೇ ಹಾಡಬೇಕಿತ್ತು. ಇಪ್ಪತ್ತು ವರ್ಷಗಳ ಬಳಿಕ, ಗುಬ್ಬಿ ಕಂಪನಿಯ ನಾಟಕವನ್ನು ಆಧರಿಸಿದ ‘ಬೇಡರ ಕಣ್ಣಪ್ಪ’ (1954) ಬರುವಷ್ಟರಲ್ಲಿ, ರಂಗದ ಮೇಲೆ ಹಾಡುತ್ತಲೇ ಬೆಳೆದ ರಾಜ್‌ಕುಮಾರ್ ಅವರಿಗೂ ಸಿ.ಎಸ್. ಜಯರಾಮನ್ ಅವರ ಕಂಠವನ್ನು ಜೋಡಿಸಲಾಯಿತು. ಜಯರಾಮನ್ ಬಹಳ ಚೆನ್ನಾಗಿ ಹಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ನಿಯಮಿತವಾಗಿ ತಾವೇ ಹಾಡತೊಡಗಿದ್ದು 1974ರ ‘ಸಂಪತ್ತಿಗೆ ಸವಾಲ್’ನಿಂದ ಎಂಬುದನ್ನು ನೆನೆದರೆ, ನಡುವಿನ ವರ್ಷಗಳಲ್ಲಿ ನಾವು ಏನೇನು ಕೇಳದೇ ಹೋದೆವೋ ಎಂದು ನನಗೆ ವ್ಯಥೆಯಾಗುತ್ತದೆ.

ರಂಗದ ಮೇಲೆ ಹಾರ್ಮೋನಿಯಂ ನುಡಿಸುವವರ ಕಣ್ಣು ನಟನ ಮೇಲಿರುತ್ತದೆ. ಆತ ಉಸಿರು ಹಿಡಿದರೆ ಮೇಳವೂ ತಡೆಯುತ್ತದೆ, ಆತ ಒಂದು ಮಾತನ್ನು ಎಳೆದು ಹಾಡಿದರೆ ತಾಳವೂ ಅದಕ್ಕೆ ಒದಗುತ್ತದೆ. ಸ್ಟುಡಿಯೊದಲ್ಲಿ ಮೊದಲೇ ಮುದ್ರಿಸಿಟ್ಟ ಹಾಡಿಗೆ ತುಟಿ ಆಡಿಸುವ ನಟನಿಗೆ ಈ ಸ್ವಾತಂತ್ರ್ಯವಿಲ್ಲ. ಕೃಷ್ಣ ಗೋಕುಲವನ್ನು ಬಿಟ್ಟು ಮಥುರೆಗೆ ಹೊರಡುವ ಸಂಕಟವನ್ನು ಹಾಡಿನಲ್ಲೇ ನಡೆಸುವ ಕೃತಿಗೆ ಇದು ಸಣ್ಣ ನಷ್ಟವಲ್ಲ.

ಇದು ಆಗದ ಕೆಲಸವೇನಲ್ಲ. 2012ರಲ್ಲಿ ‘ಲೆ ಮಿಸರಾಬ್ಲ್’ ಸಂಗೀತ ನಾಟಕವನ್ನು ಚಿತ್ರವಾಗಿಸಿದ ಟಾಮ್ ಹೂಪರ್, ನಟರ ಕಿವಿಯಲ್ಲಿ ಪುಟ್ಟ ಇಯರ್‌ಫೋನ್ ಇರಿಸಿ, ಪಿಯಾನೊ ವಾದಕರು ನಟರ ಗತಿಯನ್ನೇ ಅನುಸರಿಸುವಂತೆ ಮಾಡಿ, ಚಿತ್ರೀಕರಣದ ಸ್ಥಳದಲ್ಲೇ ಹಾಡಿಸಿದರು; ವಾದ್ಯವೃಂದವನ್ನು ಆಮೇಲೆ ಸೇರಿಸಿದರು. ಪಿಯಾನೊದ ಜಾಗದಲ್ಲಿ ನಮ್ಮ ಹಾರ್ಮೋನಿಯಂ ಬಂದರಾಯಿತು. ಮಳೆಗಾಲದ ಸದ್ದು, ಜೀರುಂಡೆಯ ಸದ್ದು ಮಲೆನಾಡಿನಲ್ಲಿ ಧ್ವನಿಮುದ್ರಣಕ್ಕೆ ತೊಡಕೆಂಬುದು ನಿಜವಾದ್ದರಿಂದ ಒಳಾಂಗಣದಲ್ಲೇ ಚಿತ್ರಿಸಬಹುದು.

ಒಳಾಂಗಣದಿಂದ ಇನ್ನೊಂದು ಉಪಕಾರವೂ ಇದೆ. ಹಾಡು ಶುರುವಾದೊಡನೆ ಕ್ಯಾಮೆರಾ ಜೋಗದ ಕಡೆಗೋ ಆಗುಂಬೆಯ ಸೂರ್ಯಾಸ್ತದ ಕಡೆಗೋ ಹೊರಟುಬಿಡುವ ಚಾಳಿ ನಮ್ಮ ಚಿತ್ರಗಳಿಗೆ ಅಂಟಿಕೊಂಡಿದೆ. ಯಮುನೆಯನ್ನೂ ದನಕರುಗಳನ್ನೂ ನಟರ ಮೈ ಮತ್ತು ದನಿಗಳಿಂದಲೇ ಕಾಣಿಸುವ ನಾಟಕಕ್ಕೆ ಅಂಥ ದೃಶ್ಯಗಳು ಬೇಕಿಲ್ಲ. ಹಾಡುವವರ ಮುಖ ಕಂಡರೆ ಸಾಕು.

1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯ ಜನ ಜಗತ್ತಿನ ಉತ್ತಮ ಚಿತ್ರಗಳನ್ನು ನೋಡಿದ ಊರು ಹೆಗ್ಗೋಡು. ಇಂಥ ಪ್ರಯೋಗಕ್ಕೆ ಪ್ರೇಕ್ಷಕರು ಸಿಗಲಾರರೆಂದು ನಿರ್ಮಾಪಕರು ಅಂಜಬೇಕಾಗಿಲ್ಲ. ಹೆಸರಾಂತ ತಾರೆಯರನ್ನು ಹುಡುಕುವ ಮೊದಲು, ಊರೂರು ತಿರುಗಿ ಹಾಡಿ ಅಭಿನಯಿಸುವ ರಂಗನಟರನ್ನು ಒಮ್ಮೆ ಕರೆಸಿ ಕೇಳಬೇಕೆಂದು ಕೋರುತ್ತೇನೆ.

— ಓರ್ವ ರಂಗಾಸಕ್ತ, ಸಾಗರ, ಶಿವಮೊಗ್ಗ ಜಿಲ್ಲೆ